ಮುಳ್ಳು ಕಿತ್ತ ಒಲೆ

ಕಲಬುರಗಿ ಸೀಮೆ
ಪುಷ್ಯ ಮಾಸದ ನಲವತ್ತೊಂದನೇ ದಿನ, ಹೊದಿಕೆ ವರ್ಷ ತೊಂಬತ್ತು

ನಮ್ಮ ಮುತ್ತಜ್ಜ ಮುತ್ತಜ್ಜಿಯರ ಅಜ್ಜ ಅಜ್ಜಿಯರ ಕಾಲದವರಿಗೆ ನಮಸ್ಕಾರ.

ತಾರೀಖು ನೋಡಿ ತಪ್ಪು ಬರೆದಿದ್ದಾಳೆ ಅಂದುಕೊಳ್ಳಬೇಡಿ. ಚಳಿ ಬಿಟ್ಟುಹೋಗದ ಕಾರಣ ನಮ್ಮಲ್ಲಿ ಪುಷ್ಯವನ್ನು ಅರವತ್ತು ದಿನಕ್ಕೆ ಎಳೆದಿದ್ದಾರೆ. ಹೊದಿಕೆ ಎಂದರೆ ಬಿಸಿಲು ತಡೆಯಲೆಂದು ನಿಮ್ಮ ಮೊಮ್ಮಕ್ಕಳು ಆಕಾಶಕ್ಕೆ ಹಾರಿಸಿದ ಬಿಳಿ ಧೂಳು. ಅವರು ಅಂದುಕೊಂಡದ್ದಕ್ಕಿಂತ ಬಹಳ ಕಾಲ ಅದು ಅಲ್ಲೇ ನಿಂತುಬಿಟ್ಟಿತು. ಇನ್ನೂ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು. ಕ್ಷಮಿಸಿ, ನಾನು ಓದಿದ್ದು ನಾಲ್ಕನೆಯವರೆಗೆ, ನನ್ನ ಹತ್ತಿರ ಬೇರೆ ಮಾತಿಲ್ಲ. ಎದುರಿಗೆ ಬಂದವರ ಮುಂದೆ ನನಗೆ ಮಾತು ಬರುವುದಿಲ್ಲ. ಅದಕ್ಕೇ ಎದುರಿಗೆ ಬರಲಾರದ ನಿಮಗೆ ಬರೆಯುತ್ತಿದ್ದೇನೆ, ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ.

ಇಲ್ಲಿ ಪ್ರತಿ ಮನೆಯಲ್ಲೂ ಒಂದು ಕಾಳೊಲೆ ಇದೆ. ತೊಗರಿ ಕಟ್ಟಿಗೆಯನ್ನು ಪುಡಿ ಮಾಡಿ, ಒತ್ತಿ, ಶೇಂಗಾ ಬೀಜದಷ್ಟು ತುಂಡು ಮಾಡುತ್ತಾರೆ. ಅದಕ್ಕೆ ನಾವು ಕಾಳು ಅನ್ನುತ್ತೇವೆ. ಒಲೆಯ ತಲೆಯ ಮೇಲಿನ ಡಬ್ಬಿಗೆ ಬೆಳಿಗ್ಗೆ ಒಂದು ಚೀಲ ಸುರಿದರೆ, ಒಳಗಿನ ಸಣ್ಣ ಮೋಟರು ಸುರುಳಿಯೊಂದನ್ನು ತಿರುಗಿಸುತ್ತ ಕಾಳನ್ನು ಸ್ವಲ್ಪ ಸ್ವಲ್ಪವೇ ಬೆಂಕಿಗೆ ತಳ್ಳುತ್ತದೆ. ಇನ್ನೊಂದು ಮೋಟರಿನ ಫ್ಯಾನು ಹೊಗೆಯನ್ನು ಕೊಳವೆಯಿಂದ ಹೊರಗೆ ಎಳೆಯುತ್ತದೆ. ರೊಟ್ಟಿ ಅದರ ಮೇಲೆ, ಸ್ನಾನದ ನೀರು ಅದರ ಬೆನ್ನಿಗೆ, ಒಗೆದ ಬಟ್ಟೆ ಅದರ ಸುತ್ತ. ಕೂಸು ಹುಟ್ಟಿದರೆ ಮೊದಲು ಒಲೆಗೆ ತೋರಿಸುತ್ತಾರೆ. ಇಷ್ಟು ದೊಡ್ಡ ಒಲೆ ನಮಗೆ ಏನಾದರೂ ಹೇಳುವುದಿದ್ದರೆ ಮುಂಭಾಗದ ಒಂದೇ ಒಂದು ಹಸಿರು ದೀಪದಿಂದ ಹೇಳಬೇಕು. ದೀಪ ಹಸಿರಿದ್ದರೆ ಎಲ್ಲ ಸರಿ. ಬೀದಿಯಲ್ಲಿ ಸಿಕ್ಕವರು ‘ಹಸಿರೇನ್ರಿ?’ ಎಂದು ಕೇಳುತ್ತಾರೆ, ‘ಹಸಿರ್ರಿ’ ಎನ್ನಬೇಕು. ಬೇರೆ ಉತ್ತರ ಕೊಡುವುದು ಮರ್ಯಾದೆಯಲ್ಲ.

ಹೋದ ತಿಂಗಳು ನಮ್ಮ ಅವ್ವನಿಗೆ ತಲೆನೋವು ಶುರುವಾಯಿತು. ಮೊಣಕಾಲು ಹಿಡಿದಿರುವುದರಿಂದ ಅವಳು ಒಲೆಯ ಪಕ್ಕದಲ್ಲೇ ಮಲಗುತ್ತಾಳೆ. ಎದ್ದರೆ ವಾಂತಿ, ಅಂಗಳದಲ್ಲಿ ಕೂತರೆ ಕಡಿಮೆ. ಪಕ್ಕದ ಮನೆಯ ನಿಂಬೆವ್ವ ಚಿಕ್ಕವ್ವ ಬಂದು ಒಲೆಯನ್ನು ಬಗ್ಗಿ ನೋಡಿದಳು. ‘ದೀಪ ಹಸಿರೇ ಅದಲ್ಲಕ್ಕಾ. ರೊಟ್ಟಿ ಬಡಿಯೋ ಹೊತ್ತಿಗೇ ಬರ್ತದೇನ್ ನಿನ್ನ ತಲಿಬ್ಯಾನಿ?’ ಎಂದು ನಕ್ಕಳು. ಅವ್ವನೂ ನಕ್ಕಳು. ಅವಳಿಗೆ ತನ್ನ ತಲೆಯ ಮೇಲೆ ಅನುಮಾನ ಬಂತು, ದೀಪದ ಮೇಲೆ ಬರಲಿಲ್ಲ. ಕೆಲವು ದಿನ ಕಳೆದ ಮೇಲೆ ರೊಟ್ಟಿ ಬಡಿಯುತ್ತಲೇ ಹಿಟ್ಟಿನ ಪರಾತದ ಮೇಲೆ ಬೋರಲು ಬಿದ್ದಳು. ಅಂಗಳಕ್ಕೆ ಎಳೆದು ತಂದೆ. ಗಾಳಿ ಸೋಕಿ ಬಹಳ ಹೊತ್ತಾದ ಮೇಲೆ ಕಣ್ಣು ಬಿಟ್ಟಳು. ಒಳಗೆ ದೀಪ ಹಸಿರಾಗಿಯೇ ಇತ್ತು.

ನಾನು ಸೋದರಮಾವನ ಅಂಗಡಿಯಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತುವವಳು. ಒಲೆಯನ್ನು ಮನೆಯವರು ಬಿಚ್ಚಬಾರದೆಂದು ಒತ್ತಿದ ಮೊಹರನ್ನು ಅವತ್ತೇ ಒಡೆದು ತಗಡು ಬಿಚ್ಚಿದೆ. ಹೊಗೆ ಎಳೆಯುವ ಫ್ಯಾನಿನ ಬೇರಿಂಗು ಬೂದಿ ತಿಂದು ಬಿಗಿದುಕೊಂಡಿತ್ತು. ಕಣ್ಣಿಗೂ ಮೂಗಿಗೂ ಗೊತ್ತಾಗದ ವಿಷದ ಹೊಗೆ ಮನೆಯೊಳಗೇ ಸೋರುತ್ತಿತ್ತು. ಹಸಿರು ದೀಪದ ತಂತಿ ಎಲ್ಲಿಗೆ ಹೋಗಿದೆ ಎಂದು ಹಿಡಿದು ನೋಡಿದೆ. ಫ್ಯಾನಿಗೆ ಕರೆಂಟು ಬರುವ ಕಡೆ ಸೇರಿಸಿ ಬಿಟ್ಟಿದ್ದರು, ಅಷ್ಟೇ. ಕರೆಂಟು ಬಂದರೆ ಹಸಿರು. ಫ್ಯಾನು ತಿರುಗಿತೋ ಸತ್ತಿತೋ ಆ ದೀಪಕ್ಕೆ ಗೊತ್ತೇ ಇಲ್ಲ. ಇದನ್ನು ನಂಬಿ ನಾವು ಕೂಸುಗಳನ್ನು ಮಲಗಿಸುತ್ತಿದ್ದೇವೆ.

ಬೇರಿಂಗು ಬದಲಾಯಿಸಿದೆ. ಆದರೆ ಮತ್ತೆ ಬಿಗಿದರೆ ಗೊತ್ತಾಗುವುದು ಹೇಗೆ? ಮಾವನ ಗುಜರಿಯಲ್ಲಿ ನಿಮ್ಮ ಕಾಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗಳಿದ್ದವು. ಅವುಗಳ ಮೇಲೆ ಗಾಜಿನ ಹಿಂದೆ ಮುಳ್ಳಿರುವ ಮೀಟರು, ಮೋಟರು ಎಷ್ಟು ಕರೆಂಟು ಎಳೆಯುತ್ತಿದೆ ಎಂದು ತೋರಿಸುವಂಥದ್ದು. ದೊಡ್ಡ ಪಂಪಿನ ಮೀಟರು ಸಣ್ಣ ಫ್ಯಾನಿಗೆ ಅಲುಗಾಡಲಿಲ್ಲ. ಒಳಗಿನ ದಪ್ಪ ತಂತಿ ಬಿಚ್ಚಿ ಸಣ್ಣ ತಂತಿಯನ್ನು ಹೆಚ್ಚು ಹೆಚ್ಚು ಸುತ್ತು ಸುತ್ತಿದೆ, ಮುಳ್ಳು ಎದ್ದಿತು. ಹಳೆಯ ಅಂಕಿಗಳ ಮೇಲೆ ಕಾಗದ ಅಂಟಿಸಿ, ಫ್ಯಾನು ಹಗುರಾಗಿ ತಿರುಗುವಾಗ ಮುಳ್ಳು ನಿಂತ ಜಾಗಕ್ಕೆ ಅರಿಸಿನದ ಗೆರೆ ಎಳೆದೆ. ಫ್ಯಾನು ಬಿಗಿದರೆ ಹೆಚ್ಚು ಕರೆಂಟು ಎಳೆಯುತ್ತದೆ, ಮುಳ್ಳು ಗೆರೆ ದಾಟುತ್ತದೆ. ಕಾಳು ತಳ್ಳುವ ಮೋಟರಿಗೂ ಹಾಗೆಯೇ ಒಂದು ಹಾಕಿದೆ. ಅವ್ವ ಬೇಗ ಕಲಿತಳು. ‘ಇವತ್ತ ಕಾಳಿನ ಮುಳ್ಳ ಜರಾ ಮ್ಯಾಲ ಅದ, ಚೀಲದಾಗ ಹಸಿ ಕಾಳ ಬಂದಾವೇನ್ ನೋಡ’ ಎನ್ನುತ್ತಿದ್ದಳು. ನೋಡಿದರೆ ಹಸಿ ಕಾಳು ಉಬ್ಬಿ ಸುರುಳಿಗೆ ಸಿಕ್ಕಿಕೊಂಡಿರುತ್ತಿದ್ದವು. ಅವಳ ತಲೆನೋವು ಹೋಯಿತು.

ನಿನ್ನೆ ನಮ್ಮ ಕೇರಿಯ ಒಲೆಪಾಲಕರು, ಅಂದರೆ ಮೊಹರು ಕಾಯುವ ರೇವಪ್ಪನವರು, ಬಂದರು.

‘ಮೊಹರ ಯಾಕ ಒಡದಿ ತಂಗಿ?’

‘ಫ್ಯಾನ್ ಬಿಗದಿತ್ರಿ.’

‘ದೀಪ ಆರಿತ್ತೇನು?’

‘ಇಲ್ರಿ.’

‘ಮತ್ತ ಫ್ಯಾನ್ ಬಿಗದಿಲ್ಲಂತ ಆತಲ್ಲ.’

ಅವ್ವನೇ ಕೇಳಿದಳು, ‘ಸಾಹೇಬ್ರ, ನಾ ಬಿದ್ದದ್ದರ ಖರೇ ಅದನೋ ಇಲ್ಲೋ?’ ‘ವಯಸ್ಸಾದವರು ಬೀಳ್ತಾರವ್ವ’ ಎಂದು ಅವರು ಎರಡೂ ಮೀಟರು ಕಿತ್ತು ಚೀಲಕ್ಕೆ ಹಾಕಿಕೊಂಡು, ಹೊಸ ಮೊಹರು ಒತ್ತಿದರು. ಮತ್ತೆ ಒಡೆದರೆ ನಮ್ಮ ಪಾಲಿಗೆ ಹಂಚುವ ಕಾಳು ನಿಲ್ಲಿಸುತ್ತಾರಂತೆ. ಬಾಗಿಲಲ್ಲಿ ನೆರೆದವರೆಲ್ಲ ಅವರ ಮಾತಿಗೆ ತಲೆಯಾಡಿಸಿದರು, ನಿಂಬೆವ್ವ ಎಲ್ಲರಿಗಿಂತ ಮೊದಲು. ಸಂಜೆ ಅದೇ ನಿಂಬೆವ್ವ ಹಿತ್ತಲ ಬಾಗಿಲಿಂದ ಬಂದಳು. ‘ನಮ್ಮ ಒಲಿಗೂ ಒಂದ ಮುಳ್ಳ ಹಾಕ್ತಿಯೇನ? ಮೊಮ್ಮಗಳು ತಲಿ ತಲಿ ಅಂತಾಳ. ಯಾರ ಮುಂದೂ ಅನಬ್ಯಾಡ.’

ಇವರ ಮೇಲೆಲ್ಲ ನನಗೆ ಸಿಟ್ಟಿದೆ. ಆದರೆ ಅದಕ್ಕಿಂತ ಹೆಚ್ಚು ನಿಮ್ಮ ಮೇಲಿದೆ. ಆ ಡಬ್ಬಿ ಮಾಡಿದವರು ನೀವು. ಬಾವಿಯ ದಂಡೆಯಲ್ಲಿ ನಿಂತವರಿಗೆ ಮೋಟರು ಎಷ್ಟು ದಣಿದಿದೆ ಎಂದು ಮುಳ್ಳು ಹೇಳುತ್ತಿತ್ತು, ಅವರು ಅದನ್ನು ಓದುತ್ತಿದ್ದರು. ಆಮೇಲೆ ನಿಮ್ಮ ಗಾಡಿಗಳಿಂದ, ಯಂತ್ರಗಳಿಂದ ಒಂದೊಂದೇ ಮುಳ್ಳು ತೆಗೆದು ದೀಪ ಇಟ್ಟವರೂ ನೀವೇ. ನೋಡಲು ಚಂದ ಅಂದಿರಿ. ಜನರಿಗೆ ಇಷ್ಟೆಲ್ಲ ಯಾಕೆ ಬೇಕು ಅಂದಿರಿ. ಯಾಕೆ ಬೇಡ? ಒಲೆ ನಮ್ಮದು, ಅದರ ಪಕ್ಕದಲ್ಲಿ ಉಸಿರಾಡುವವರು ನಾವು. ನಮ್ಮ ಒಲೆಯ ಒಳಗೆ ಏನಾಗುತ್ತಿದೆ ಎಂದು ನಮಗೇ ಹೇಳಬಾರದು ಎಂಬುದನ್ನು ನಿಮ್ಮಲ್ಲಿ ಯಾರು ಮೊದಲು ಒಪ್ಪಿಕೊಂಡರು?

ಇವತ್ತು ನಮ್ಮ ಒಲೆ ಆರಿದೆ. ‘ಮುಳ್ಳಿಲ್ಲದ ಒಲಿ ಹಚ್ಚಬ್ಯಾಡ’ ಎಂದು ಅವ್ವ ಕೌದಿಯ ಮೇಲೆ ಕೌದಿ ಹೊದ್ದು ಕೂತಿದ್ದಾಳೆ. ಅವಳ ಬೆರಳು ಮಡಚಲು ಬರುತ್ತಿಲ್ಲ. ಒಲೆ ಇಲ್ಲದೆ ಅವಳು ಈ ಪುಷ್ಯ ದಾಟಲಾರಳು. ದೀಪ ನಂಬಿದರೂ ದಾಟಲಾರಳು. ಆದ್ದರಿಂದ ಈ ಕಾಗದ ಮುಗಿಸಿದ ಕೂಡಲೇ ಮೊಹರು ಒಡೆದು, ಗುಜರಿಯಲ್ಲಿ ಉಳಿದ ಮೀಟರು ತಂದು ಹಾಕುತ್ತೇನೆ. ಕಾಳು ನಿಲ್ಲಿಸಿದರೆ ತನ್ನ ಚೀಲದಲ್ಲಿ ಅರ್ಧ ಕೊಡುತ್ತೇನೆ ಎಂದಿದ್ದಾಳೆ ನಿಂಬೆವ್ವ. ಕೊಡುತ್ತಾಳೋ ಇಲ್ಲವೋ, ಅವಳ ಒಲೆಗೂ ಮುಳ್ಳು ಹಾಕುತ್ತೇನೆ. ಅಲ್ಲಿ ಮಲಗುವುದು ಕೂಸು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಎಲ್ಲ ಸರಿ ಎಂದು ಹೇಳುವ ದೀಪವನ್ನು ಯಾರಾದರೂ ತೋರಿಸಿದರೆ, ಅದರ ತಂತಿ ಎಲ್ಲಿಗೆ ಹೋಗಿದೆ ಎಂದು ಕೇಳಿ. ಅಂಗಡಿಯವರು ನಕ್ಕರೆ ನಗಲಿ. ಹಳೆಯ ಮೀಟರುಗಳನ್ನು ಎಸೆಯಬೇಡಿ. ಎಸೆಯುವುದೇ ಆದರೆ ಗಾಜು ಒಡೆಯದಂತೆ ಮೆಲ್ಲಗೆ ಇಡಿ. ನಮ್ಮ ಕೇರಿಯಲ್ಲಿ ಇನ್ನೂ ಬಹಳ ಮನೆಗಳಿವೆ.

ಇಂತಿ
ಸುಗಲಾ