ನನ್ನ ಕಡೆಯ ಬಾಗಿಲು

ಅಪ್ಪಾ,

ಇವತ್ತು ನಮ್ಮ ರೇಸ್ ಕಾರನ್ನು ಗುಜರಿಯವನಿಗೆ ಕೊಟ್ಟೆ. ಶೆಡ್ಡಿನಲ್ಲೇ ಬಿಚ್ಚತೊಡಗಿದ. ಸ್ಟೀರಿಂಗ್ ಇರುವ ನನ್ನ ಕಡೆಯ ಬಾಗಿಲನ್ನು ಕಳಚಿ ಎತ್ತಿದವನೇ, "ಏನಕ್ಕಾ ಇಷ್ಟು ಭಾರ? ಒಳಗಿನ ಉಕ್ಕಿನ ಅಡ್ಡಪಟ್ಟಿ ಹಾಗೇ ಇದೆಯಲ್ಲ!" ಎಂದ.

ಎರಡೂ ಬಾಗಿಲಿನ ಪಟ್ಟಿ ಕತ್ತರಿಸು, ಕಾರು ಹಗುರಾಗಲಿ ಎಂದು ನಿನ್ನ ತಲೆ ತಿಂದವಳು ನಾನು. "ಪಕ್ಕದಿಂದ ಪೆಟ್ಟು ಬಿದ್ರೆ ತಡೆಯೋದು ಅದೊಂದೇ ಕಣೇ" ಎಂದು ಗೊಣಗುತ್ತಲೇ ನೀನು ಕಟಿಂಗ್ ಮಷೀನ್ ಎತ್ತಿಕೊಂಡೆ. ಸಂಜೆ ಶೆಡ್ಡಿನ ತೂಕದ ಮಷೀನಿನ ಮೇಲೆ ಕಾರನ್ನು ತೂಗಿದರೆ ನಾನು ಎಣಿಸಿದ್ದರಲ್ಲಿ ಅರ್ಧದಷ್ಟೇ ತೂಕ ಇಳಿದಿತ್ತು.

"ಎರಡೂ ತೆಗ್ದೆ ತಾನೇ?"

"ತೆಗ್ದೆ ಕಣಮ್ಮಾ. ಆ ತೂಕದ ಮಷೀನೇ ಸರಿಯಿಲ್ಲ."

ನಾನೂ ಮಷೀನನ್ನೇ ಬೈದೆ. ಮರುದಿನದ ರೇಸಿನಲ್ಲಿ ನೀನು ಎಂದಿನಂತೆ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುತ್ತಿದ್ದೆ. ತಿರುವಿನಲ್ಲಿ ಕಾರು ಜಾರಿದಾಗ ಮರ ನಿನ್ನ ಕಡೆಗಿತ್ತು.

ನಜ್ಜುಗುಜ್ಜಾದ ನಿನ್ನ ಬಾಗಿಲನ್ನು ಗುಜರಿಯವನು ಒಂದೇ ಕೈಯಲ್ಲಿ ಎತ್ತಿ ಗಾಡಿಗೆ ಎಸೆದ. ನನ್ನದನ್ನು ನಾನು ಕೊಡಲಿಲ್ಲ.

ಅವನು ಹೋದ ಮೇಲೆ, ಮೂಲೆಯಲ್ಲಿದ್ದ ಆ ತೂಕದ ಮಷೀನಿನ ಮೇಲೆ ನಾನೇ ಹತ್ತಿ ನಿಂತೆ. ಸರಿಯಾಗಿಯೇ ತೋರಿಸುತ್ತಿದೆ, ಅಪ್ಪಾ.