ಉಗಿಯ ನೀರಿನಲ್ಲಿ ಉಪ್ಪು

ಪಾಳಿಯ ಮುಖ್ಯಸ್ಥರಾದ ಅಪ್ಪನಿಗೆ,

ಅಣುಸ್ಥಾವರದ ಉಗಿಯ ನೀರಿನಲ್ಲಿ ಉಪ್ಪು ಸಿಕ್ಕಿದೆಯೆಂದು ನಾನು ಹೇಳಿದಾಗ ನೀವು ಎಲ್ಲರೆದುರು, "ಏ ಹುಡುಗಿ, ಉಪ್ಪುಪ್ಪು ಒಣ ಕಡಲಪಾಚಿ ಮೆದ್ದ ಕೈಯಲ್ಲೇ ಬಾಟ್ಲಿ ಹಿಡಿದ್ಯಾ?" ಎಂದು ನಕ್ಕಿರಿ.

ಆಮೇಲೆ ನಮ್ಮ ಲ್ಯಾಬಿನ ಒಡೆಟ್ ಹೊಸ ಕೈಗವಸು ಹಾಕಿಕೊಂಡು ತಾನೇ ನೀರು ಹಿಡಿದಳು. "ಅಯ್ಯೋ, ಉಪ್ಪು ಇನ್ನೂ ಏರ್ತಾ ಇದೆ ಕಣೇ" ಎಂದಳು. ಉಗಿಯನ್ನು ತಣಿಸುವ ಕೊಳವೆ ಬಿರುಕು ಬಿಟ್ಟು ಕಡಲ ನೀರು ಒಳಗೆ ಬರುತ್ತಿದೆ. ಆ ಉಪ್ಪು ಬಾಯ್ಲರನ್ನು ಒಳಗಿನಿಂದ ತಿನ್ನುತ್ತದೆಂದು ಕಲಿಸಿದವರು ನೀವೇ.

ಶುಕ್ರವಾರ ನಿಮ್ಮ ನಿವೃತ್ತಿ. ಅಲ್ಲಿಯವರೆಗೆ ಸ್ಥಾವರ ನಿಲ್ಲಬಾರದೆಂಬ ನಿಮ್ಮ ಆಸೆ ಗೊತ್ತು. ದಯವಿಟ್ಟು ಈಗಲೇ ನಿಲ್ಲಿಸಿ. ಇಲ್ಲದಿದ್ದರೆ ಊಟದ ಹೊತ್ತಿಗೆ ನಾನೇ ಮ್ಯಾನೇಜರ್ ಬಳಿ ಹೋಗುತ್ತೇನೆ.

ಬೆಳಿಗ್ಗೆ ನೀವು ಕೊಟ್ಟ ಕಡಲಪಾಚಿಯ ಪೊಟ್ಟಣವನ್ನು ಇದರ ಜೊತೆಗಿಟ್ಟಿದ್ದೇನೆ. ಇನ್ನೂ ಒಡೆದಿಲ್ಲ.

ನಿಮ್ಮ ಮಗಳು,
ಮಿರೆಯ್