ಬಿಸಿಲು ಬೀಳದ ಗೋಡೆ

ಗೋಡೆಯಾಚೆಯ ನನ್ನ ತಂಗಿ ಸವಿತಾ,

ಮೊದಲ ಸಲ ನಿನ್ನ ತಲೆ ನಮ್ಮ ಮಲಗುವ ಕೋಣೆಯ ಗೋಡೆಗೆ ಬಡಿದಾಗ ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಶುಕ್ರವಾರದ ಮಧ್ಯಾಹ್ನ, ಊಟದ ನಂತರ. ನಮ್ಮ ಕಡೆ ತೂಗುಹಾಕಿದ್ದ ಕನ್ನಡಿ ನಡುಗಿತು. ಏನೋ ಸಾಮಾನು ಬಿದ್ದಿರಬೇಕು ಎಂದುಕೊಂಡೆ. ಎರಡನೆಯ ಸಲ ನಿನ್ನ ಕೂಗೂ ಕೇಳಿಸಿತು. ಮೂರನೆಯ ಸಲ ಬರೀ ಬಡಿತ, ಕೂಗು ಇಲ್ಲ. ಅಡುಗೆಮನೆಯಿಂದ ಲಟ್ಟಣಿಗೆ ತಂದು ಅದೇ ಗೋಡೆಗೆ ನನ್ನ ಕಡೆಯಿಂದ ಬಾರಿಸಿದೆ, ಬಣ್ಣ ಉದುರುವವರೆಗೆ ಬಾರಿಸಿದೆ. ಆ ಕಡೆ ಎಲ್ಲವೂ ನಿಂತಿತು. ಬಾಗಿಲು ತೆರೆದು ನಿನ್ನ ಮನೆಗೆ ಬರಬಹುದಿತ್ತು. ಹತ್ತೇ ಹೆಜ್ಜೆ. ಯಾಕೆ ಬರಲಿಲ್ಲ?

ಮರುದಿನ ನೀನೇ ಬಂದೆ, ತಟ್ಟೆಯಲ್ಲಿ ನೀರುದೋಸೆ ಹಿಡಿದುಕೊಂಡು. ಕೆಳತುಟಿ ಬಾತಿತ್ತು. "ರೇಖಕ್ಕ, ನಿಮ್ಮ ಲಟ್ಟಣಿಗೆಗೆ ಎಂತ ಪವರ್ ಮಾರಾಯ್ರೆ! ಮೇನ್ ಸ್ವಿಚ್ ಆಫ್ ಮಾಡಿದ ಹಾಗೆ ನಮ್ಮವರು ನಿಂತ್ರು" ಎಂದು ನಕ್ಕೆ. ನಗುವಾಗ ತುಟಿ ಒಡೆದು ರಕ್ತ ಬಂತು. ಊರಿಗೆ ಹೋಗಿಬಿಡು ಎಂದೆ. "ಎಂತ ಹೋಗುದು? ಪಾಸ್‌ಪೋರ್ಟ್ ಅವರ ಲಾಕರಲ್ಲಿ, ವೀಸಾ ಅವರ ಹೆಸರಲ್ಲಿ. ತನ್ವಿಯನ್ನು ಬಿಟ್ಟು ಹೋಗ್ಲಿಕ್ಕೆ ಆಗ್ತದಾ?" ಏಳು ವರ್ಷದ ನಿನ್ನ ಮಗಳು ನಮ್ಮ ಸೋಫಾದ ಮೇಲೆ ಕೂತು ದೋಸೆ ತಿನ್ನುತ್ತಿದ್ದಳು. ನೀನು ದನಿ ತಗ್ಗಿಸಿದೆ. "ನೀವು ಗೋಡೆಯ ಹತ್ರ ಇದ್ರೆ ಸಾಕು, ರೇಖಕ್ಕ."

ಈ ಗಲ್ಫ್ ಊರಿನ ಐನ್ ಖಾಲಿದ್ ಬಡಾವಣೆಯ ಆ ಹಳೆಯ ವಿಲ್ಲಾವನ್ನು ಮಾಲೀಕರು ನಡುವೆ ಒಂದು ಟೊಳ್ಳು ಬ್ಲಾಕಿನ ಗೋಡೆ ಎಬ್ಬಿಸಿ ಎರಡು ಮನೆ ಮಾಡಿದ್ದರು, ನೆನಪಿದೆಯಲ್ಲ? ನಿನ್ನ ಒಗ್ಗರಣೆಯ ಸಿಡಿತ ನನಗೆ ಕೇಳುತ್ತಿತ್ತು, ನನ್ನ ಸೀನು ನಿನಗೆ. ಒಂದು ವರ್ಷ ಹಾಗೇ ನಡೆಯಿತು. ಎಲ್ಲ ಶುಕ್ರವಾರವೂ ಅಲ್ಲ, ಆದರೆ ಯಾವ ಶುಕ್ರವಾರ ಎಂದು ಗೊತ್ತಾಗುತ್ತಿರಲಿಲ್ಲ. ಊಟಕ್ಕೆ ಕೂತರೂ ಕಿವಿ ಗೋಡೆಯ ಕಡೆಗೇ ಇರುತ್ತಿತ್ತು. ನಿನ್ನ ಕಡೆ ಕುರ್ಚಿ ಎಳೆದ ಸದ್ದಾದರೂ ನನ್ನ ಕೈ ಲಟ್ಟಣಿಗೆಗೆ ಹೋಗುತ್ತಿತ್ತು. "ಇರೋದೊಂದು ರಜ, ಅದೂ ಹೀಗೇನಾ ರೇಖಾ?" ಎಂದು ಪ್ರಕಾಶ್ ಗೊಣಗುತ್ತಿದ್ದರು. ನಾನು ಗಂಡನ ಮೇಲೆ ರೇಗುತ್ತಿದ್ದೆ. ಒಳಗೊಳಗೆ ನನಗೂ ಹಾಗೆಯೇ ಅನ್ನಿಸತೊಡಗಿತ್ತು ಎಂದು ನಿನಗೆ ಹೇಳಲೇ ಇಲ್ಲ. ಏಟು ತಿನ್ನುವವಳು ನೀನು, ದಣಿದವಳು ನಾನು. ಇದಕ್ಕೇನು ಹೆಸರು?

ಆ ವರ್ಷದ ಬೇಸಿಗೆಯಲ್ಲಿ ನಮ್ಮ ಪಶ್ಚಿಮದ ಗೋಡೆಯನ್ನು ಮುಟ್ಟಲು ಆಗುತ್ತಿರಲಿಲ್ಲ. ಸೂರ್ಯ ಮುಳುಗಿದ ಮೇಲೂ ಕಾವಲಿಯ ಹಾಗೆ ಕಾವು ಬಿಡುತ್ತಿತ್ತು. ಚಾವಣಿಯೂ ಹಾಗೇ. ಕಿಟಕಿಯ ಎಸಿ ದಿನವಿಡೀ ಒದರಿ ಒದರಿ ಎರಡು ಸಲ ಸುಟ್ಟುಹೋಯಿತು. ಹಳೆಯ ಮನೆಗಳಿಗೆ ಬಿಸಿಲು ತಡೆಯುವ ಹೊದಿಕೆ ಹಾಕುವುದೇ ನಿನ್ನ ಗಂಡ ದಿನಕರನ ಕೆಲಸವಲ್ಲವೇ? ಲುಸೈಲ್ ಕಡೆ ಹೊಸ ಊರಿಗೆ ಮರಳು ಅಗೆಯುತ್ತಿದ್ದ ಆ ಕಾಲದಲ್ಲೂ ಅವನಿಗೆ ಹಳೆಯ ವಿಲ್ಲಾಗಳಿಂದಲೇ ಬಿಡುವಿರಲಿಲ್ಲ. ಒಳ್ಳೆಯ ಫೋರ್‌ಮನ್ ಎಂದು ಎಲ್ಲರೂ ಹೊಗಳುತ್ತಿದ್ದರು. ಪ್ರಕಾಶ್ ಅವನನ್ನೇ ಕೇಳಿದರು. ಬೇಡ ಎನ್ನಲು ನನ್ನ ಬಾಯಲ್ಲಿ ಕಾರಣ ಸಿದ್ಧವಿತ್ತು. ಹೇಳಲಿಲ್ಲ.

ಕೆಲಸ ಮುಗಿಯುವ ದಿನ ನೀನು ಅವರಿಗೆಲ್ಲ ಚಹಾ ತಂದಿದ್ದೆ. ಚಾವಣಿಯ ಮೇಲೆ ಥರ್ಮೋಕೋಲ್ ಹಲಗೆ ಹಾಸಿ ಗಾರೆ ಹಾಕಿಯಾಗಿತ್ತು. ಹೊರಗೋಡೆ ಮುಟ್ಟಬಾರದೆಂದು ಮಾಲೀಕರು ಹೇಳಿದ್ದರಿಂದ ಪಶ್ಚಿಮದ ಗೋಡೆಗೆ ಒಳಗಿನಿಂದಲೇ ತಗಡಿನ ಚೌಕಟ್ಟು ಹೊಡೆದು, ಅದರಲ್ಲಿ ಬಿಸಿಯ ಜೊತೆ ಸದ್ದನ್ನೂ ನುಂಗುವ, ರಾಕ್‌ವುಲ್ ಎನ್ನುವ ಆ ತುರಿಸುವ ಕಲ್ಲುನಾರು ತುಂಬಿ, ಮೇಲೆ ಜಿಪ್ಸಮ್ ಹಲಗೆ ಮುಚ್ಚಿದ್ದರು. ದಿನಕರ ಕೈ ಒರೆಸಿಕೊಳ್ಳುತ್ತಾ ನಮ್ಮಿಬ್ಬರ ನಡುವಿನ ಗೋಡೆಯನ್ನು ನೋಡಿದ. "ಸ್ವಲ್ಪ ಸಾಮಾನು ಉಳಿದಿದೆ ಅಕ್ಕ. ಇದಕ್ಕೂ ಹಾಕಿ ಬಿಡ್ಲಾ? ಇದು ಬಿಸಿಲು ಬೀಳದ ಗೋಡೆ, ಬಿಸಿಗೆ ಅಂತ ಬೇಡ. ಆದ್ರೆ ನಿಮಗೆ ಏನಾದ್ರೂ ಡಿಸ್ಟರ್ಬೆನ್ಸ್ ಆಗ್ತಿದ್ರೆ..."

ಅಷ್ಟಕ್ಕೇ ನಿಲ್ಲಿಸಿದ. ನನ್ನ ಮುಖ ನೋಡುತ್ತಿದ್ದ. ಅವನು ಏನು ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ನಾನು "ಹಾಕಿ" ಎಂದೆ.

ನೀನು ಬಾಗಿಲಲ್ಲಿದ್ದೆ. ತಟ್ಟೆಯ ಮೇಲೆ ಲೋಟಗಳು ಒಂದಕ್ಕೊಂದು ತಾಗಿದ್ದು ನೆನಪಿದೆ. ಕೇಳಿಸಿಕೊಂಡೆಯಾ? ಆಮೇಲೆ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೋಣೆ ತಂಪಾಯಿತು. ಎಸಿಯನ್ನು ಇಪ್ಪತ್ತನಾಲ್ಕಕ್ಕೆ ಇಟ್ಟರೂ ಹೊದ್ದುಕೊಳ್ಳಬೇಕಾಗುತ್ತಿತ್ತು. ಎರಡು ತಿಂಗಳು ಶುಕ್ರವಾರದ ಮಧ್ಯಾಹ್ನಗಳಲ್ಲಿ ನಾನು ನಿದ್ದೆ ಮಾಡಿದೆ, ಸವಿತಾ. ಆ ಎರಡು ತಿಂಗಳು ನಿನ್ನ ಮುಖವನ್ನು ನೇರವಾಗಿ ನೋಡಲಿಲ್ಲ. ನೋಡಿದ್ದರೆ ಏನಾದರೂ ಕಾಣುತ್ತಿತ್ತು, ಕಂಡರೆ...

ನೀನು ಸತ್ತ ದಿನವೂ ನಾನು ಮಲಗಿದ್ದೆ. ಪ್ರಕಾಶ್ ಭುಜ ಹಿಡಿದು ಅಲುಗಿಸಿ ಎಬ್ಬಿಸಿದರು. ಹೊರಗೆ ಬಂದರೆ ಆಂಬುಲೆನ್ಸ್, ಪೊಲೀಸರ ಗಾಡಿ, ಬಿಸಿಲಲ್ಲಿ ಬರಿಗಾಲಲ್ಲಿ ನಿಂತ ತನ್ವಿ. ಅಡುಗೆಮನೆಯಲ್ಲಿ ಜಾರಿ, ಕಟ್ಟೆಯ ಕಲ್ಲಿನ ಅಂಚಿಗೆ ತಲೆ ಬಡಿಯಿತಂತೆ. ದಿನಕರ ಎದೆ ಬಡಿದುಕೊಂಡು ಅಳುತ್ತಿದ್ದ. ಅವನ ಬೆರಳ ಗೆಣ್ಣುಗಳು ಸುಲಿದಿದ್ದವು. ಅಧಿಕಾರಿ ನಮ್ಮ ಕೋಣೆಗೂ ಬಂದರು. ಪಕ್ಕದ ಮನೆಯಿಂದ ಏನಾದರೂ ಶಬ್ದ ಬಂತೇ ಎಂದು ಅರಬ್ಬಿಯಲ್ಲಿ ಕೇಳಿದರು, ಕೈಯಿಂದ ಕಿವಿ ತೋರಿಸಿ. ನಾನು "ಮಾಫಿ" ಎಂದೆ. ನಿಜವನ್ನೇ ಹೇಳಿದ್ದೆ, ಏನೂ ಬಂದಿರಲಿಲ್ಲ. ಅವರ ಭಾಷೆಯಲ್ಲಿ ಆ ಮಾತಿಗೆ 'ಇಲ್ಲ' ಎಂದು ಅರ್ಥ. ನಮ್ಮಲ್ಲಿ ಅದೇ ಮಾತಿನ ಅರ್ಥ ಬೇರೆ, ಮತ್ತು ಅದನ್ನು ನಿನ್ನ ಹತ್ತಿರ ಕೇಳುವ ಮುಖ ನನಗಿಲ್ಲ.

ನೀನು ಹೋದ ಮೇಲೆ ತನ್ವಿ ಶಾಲೆಯ ಬಸ್ಸಿಳಿದು ನೇರ ನಮ್ಮ ಮನೆಗೆ ಬರುತ್ತಿದ್ದಳು. ಐದಕ್ಕೆ ದಿನಕರ ಬಂದು ಕರೆದೊಯ್ಯುತ್ತಿದ್ದ. ಮೂರು ತಿಂಗಳು ನಾನು ಅವಳನ್ನು ಉಣ್ಣಿಸಿ, ತಲೆ ಬಾಚಿ, ಅವನ ಕೈಗೆ ಕೊಟ್ಟೆ. ಒಂದು ಸೋಮವಾರ ಹೋಮ್‌ವರ್ಕ್ ಮಾಡುತ್ತಾ ಕೂತವಳು ಪೆನ್ಸಿಲಿನ ಹಿಂಭಾಗದಿಂದ ನಡುಗೋಡೆಯ ಆ ಹಲಗೆಯನ್ನು ತಟ್ಟಿದಳು. ಮೆತ್ತನೆಯ ಸದ್ದು. ಅಲ್ಲೇ ಸತ್ತುಹೋಗುವ ಸದ್ದು.

"ಆಂಟಿ, ಅವತ್ತು ನೀವು ಔಟ್‌ಸೈಡ್ ಹೋಗಿದ್ರಾ?"

"ಯಾವತ್ತು ಪುಟ್ಟಾ?"

"ಅಮ್ಮ ಡೈ ಆದ ದಿನ. ಅಮ್ಮ ಎಷ್ಟು ಸಲ ನಾಕ್ ಮಾಡಿದ್ರು. ಫಸ್ಟ್ ಕೈಯಲ್ಲಿ. ಆಮೇಲೆ ಸೌಟಲ್ಲಿ. ಪಪ್ಪ ಹೇಳಿದ್ರು, ಬಡಿ ಬಡಿ, ನಿನ್ನ ಅಕ್ಕ ಬರುದಿಲ್ಲ ಅಂತ."

ಮನೆಯಲ್ಲಿದ್ದೆ ಎಂದೆ. ಮಲಗಿದ್ದೆ ಎಂದೆ. ಅವಳು ತಲೆಯಾಡಿಸಿ ಮತ್ತೆ ಗುಣಾಕಾರಕ್ಕೆ ಹೋದಳು. ನಾನು ಸ್ಟೋರಿನಿಂದ ಸುತ್ತಿಗೆ ತಂದೆ.

ಮೊದಲ ಏಟಿಗೆ ಹಲಗೆಯಲ್ಲಿ ಮುಷ್ಟಿಯಷ್ಟು ತೂತಾಯಿತು. ಆಮೇಲೆ ಎಣಿಸಲಿಲ್ಲ. ತೂತಿಗೆ ಕೈ ಹಾಕಿ ಹಲಗೆಯನ್ನು ಕಿತ್ತೆ, ತಗಡಿನ ಪಟ್ಟಿ ಅಂಗೈ ಸೀಳಿತು, ಕಲ್ಲುನಾರನ್ನು ಹಿಡಿಹಿಡಿಯಾಗಿ ಎಳೆದು ಎಸೆದೆ. ತೋಳು, ಕುತ್ತಿಗೆ, ಕಣ್ಣು ಎಲ್ಲ ಉರಿಯುತ್ತಿತ್ತು. ತರಗತಿಯಲ್ಲೂ ದನಿಯೇರಿಸದ ಟೀಚರ್ ಎಂದು ಹೆಸರಾದವಳು ನಾನು. ಆ ದಿನ ಬಾಯಿಂದ ಏನೇನು ಬಂತೋ, ತನ್ವಿ ಕಿವಿ ಮುಚ್ಚಿಕೊಂಡಿದ್ದಳು. ಐದು ಗಂಟೆಗೆ ದಿನಕರ ಬಂದಾಗ ಗೋಡೆ ಬರಿಮೈಯಾಗಿತ್ತು.

"ಎಂತಕ್ಕ ಇದು? ನಾನು ಮಾಡಿದ ಕೆಲಸ ಸರಿ ಬರ್ಲಿಲ್ವಾ?" ಎಂದು ನಗುತ್ತಲೇ ಕೇಳಿದ.

"ತನ್ವಿ ನಿನ್ನ ಜೊತೆ ಬರಲ್ಲ."

ಅವನಿಗೆ ನಾನು ಏಕವಚನ ಬಳಸಿದ್ದು ಅದೇ ಮೊದಲು. ಅವನು ಅವಳ ಕಡೆ ತಿರುಗಿದ. "ಯಲ್ಲಾ ತನ್ವಿ, ನಡಿ, ಬ್ಯಾಗ್ ತಗೊ."

"ಅವಳು ಎಲ್ಲ ಹೇಳಿದ್ದಾಳೆ. ಸವಿತಾ ಸೌಟಲ್ಲಿ ಬಡಿದಿದ್ದೂ, ನೀನು ಅಂದಿದ್ದೂ."

ನಗು ಹಾಗೇ ಇತ್ತು, ಕೈ ಮಾತ್ರ ಬಂತು. ಕಿವಿಯ ಮೇಲೆ ಒಂದು. ಆಮೇಲೆ ಕೂದಲು ಹಿಡಿದು ನನ್ನ ತಲೆಯನ್ನು ಅದೇ ಗೋಡೆಗೆ ಅಪ್ಪಳಿಸಿದ. ಒಂದು ವರ್ಷ ನಾನು ಈ ಕಡೆಯಿಂದ ಕೇಳಿದ್ದು ಒಳಗಿನಿಂದ ಹೇಗಿರುತ್ತದೆಂದು ಆಗ ಗೊತ್ತಾಯಿತು. ಸದ್ದೇ ಇರುವುದಿಲ್ಲ ಅಲ್ಲವೇ, ಸವಿತಾ? ಕಣ್ಣೊಳಗೆ ಒಂದು ಬಿಳಿ ಬೆಳಕು, ಬಾಯಲ್ಲಿ ಕಬ್ಬಿಣದ ರುಚಿ. ಎರಡನೆಯ ಸಲ ಎಳೆಯುವಷ್ಟರಲ್ಲಿ ನೆಲದ ಮೇಲಿದ್ದ ಸುತ್ತಿಗೆ ನನ್ನ ಕೈಗೆ ಸಿಕ್ಕಿತು. ಅವನ ಮುಂಗೈಗೆ ಹೊಡೆದೆ. ಮೂಳೆ ಮುರಿದದ್ದು ಚೆನ್ನಾಗಿ ಕೇಳಿಸಿತು. ಅವನು ಕುಸಿದು ಕೂತ. ಇನ್ನೊಂದು ಏಟು ಬೇಕಿರಲಿಲ್ಲ. ಆದರೂ ಭುಜಕ್ಕೆ ಹೊಡೆದೆ. ಮೂರನೆಯದಕ್ಕೆ ಕೈ ಎತ್ತಿದ್ದೆ, ಅದು ತಲೆಗೆ. ಆಫೀಸಿನಿಂದ ಆಗಷ್ಟೇ ಬಂದ ಪ್ರಕಾಶ್ ಹಿಂದಿನಿಂದ ತಬ್ಬಿ ಹಿಡಿದರು. "ಖಲಾಸ್ ರೇಖಾ, ಸಾಕು, ಮಗು ನೋಡ್ತಿದೆ!" ಅವರು ಹಿಡಿಯದಿದ್ದರೆ ನಿಲ್ಲುತ್ತಿದ್ದೆನೇ? ನಿಲ್ಲುತ್ತಿರಲಿಲ್ಲ ಎಂದೇ ಅನ್ನಿಸುತ್ತದೆ. ಅದು ನಿನಗಾಗಿಯೋ, ನನ್ನದೇ ಬಾಯಿಂದ ಬಂದ 'ಹಾಕಿ' ಎಂಬ ಆ ಒಂದು ಮಾತನ್ನು ಯಾರದಾದರೂ ಮೂಳೆಯಲ್ಲಿ ಹೂತುಬಿಡಲಿಕ್ಕೋ, ಈಗಲೂ ತಿಳಿಯದು.

ಪೊಲೀಸ್ ಠಾಣೆಯಲ್ಲಿ ಅದೇ ಅಧಿಕಾರಿ ಇದ್ದರು, ಈ ಸಲ ದುಭಾಷಿಯ ಜೊತೆ. ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿಸಿದರು. ಆ ದಿನದ ಬಗ್ಗೆ ಕೇಳಿದಿರಿ, ಅದರ ಹಿಂದಿನ ವರ್ಷದ ಬಗ್ಗೆ ಕೇಳಲಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಲಟ್ಟಣಿಗೆಯಿಂದ ಹಿಡಿದು ಸುತ್ತಿಗೆಯವರೆಗೆ ಹೇಳಿದೆ. ಹಲಗೆ ಹಾಕಿಸಿಕೊಂಡೆ ಎಂದೂ ಹೇಳಿದೆ, ಆದರೆ ಬಿಸಿಲಿಗಾಗಿ ಎಂದುಬಿಟ್ಟೆ. ಅಲ್ಲಿಯೂ! ತನ್ವಿಯನ್ನು ಒಬ್ಬ ಮಹಿಳಾ ಅಧಿಕಾರಿ ಬೇರೆ ಕೋಣೆಯಲ್ಲಿ ಮಾತಾಡಿಸಿದರು. ದಿನಕರ ಅಂದಿನಿಂದ ಒಳಗಿದ್ದಾನೆ. ನನ್ನ ಎರಡನೆಯ ಏಟಿಗೂ ಒಂದು ಕೇಸಿದೆ. ಅದು ಇರಲಿ, ನ್ಯಾಯವೇ.

ಹೋದ ವಾರ ನಿನ್ನಮ್ಮ ಬಂದರು, ನಿನ್ನ ತಮ್ಮನ ಜೊತೆ. ವಿಮಾನ ಹತ್ತಿದ್ದು ಇದೇ ಮೊದಲಂತೆ. ನಮ್ಮ ಕೋಣೆಗೆ ಬಂದು ಆ ಗೋಡೆಯ ಮೇಲೆ ಅಂಗೈಯಿಟ್ಟು ನಿಂತರು. ಅವರಿಗೆ ಎಲ್ಲ ಹೇಳಿದೆ. ಅವನು ಏನು ಕೇಳಿದ, ಅವನ ಅರ್ಧ ಮಾತು ನನಗೆ ಪೂರ್ತಿ ಹೇಗೆ ತಿಳಿಯಿತು, ನಾನು ಏನೆಂದೆ. ನಿನ್ನಮ್ಮ ನನ್ನ ಕೆನ್ನೆಗೆ ಹೊಡೆದರು. ಮುದುಕಿಯ ಏಟಲ್ಲ ಅದು, ಸವಿತಾ, ಕನ್ನಡಕ ಹಾರಿ ಮಂಚದ ಕೆಳಗೆ ಬಿತ್ತು. ನಿನ್ನ ತಮ್ಮ "ಅಮ್ಮಾ!" ಎಂದು ಮುಂದೆ ಬಂದ. ಅವರು ಅವನನ್ನು ತಳ್ಳಿದರು.

"ಕೋರ್ಟಲ್ಲಿ ಇದನ್ನು ಹೇಳ್ತೀಯಾ? ನನಗೆ ಹೇಳಿದ ಹಾಗೇ?"

"ಹೇಳ್ತೀನಮ್ಮ."

"ವಕೀಲರು ಬೇಡ ಅಂದ್ರೆ?"

ವಕೀಲರು ಆಗಲೇ ಬೇಡ ಎಂದಿದ್ದಾರೆ. ಅವನು ಮಾಡಿದ್ದಷ್ಟನ್ನೇ ಹೇಳಿ ಮೇಡಂ, ಎದುರು ಪಕ್ಷದವರು ನಿಮ್ಮನ್ನೇ ಹರಿದುಹಾಕುತ್ತಾರೆ, ಶಾಲೆ ನಿಮ್ಮನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಇರಬಹುದು. ಆದರೆ ಅವನು ಉಳಿದ ಸಾಮಾನಿನಿಂದ ಆ ಗೋಡೆಯನ್ನು ಮುಚ್ಚಿದ್ದು ಏಕೆಂದು ಹೇಳಬೇಕಾದರೆ, ಮುಚ್ಚಲು ಒಪ್ಪಿದವಳು ಏಕೆ ಒಪ್ಪಿದಳು ಎಂದೂ ಹೇಳಬೇಕು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ. "ಬೇಡ ಅಂದ್ರೂ ಹೇಳ್ತೀನಿ" ಎಂದೆ. ನಿನ್ನಮ್ಮ ಬಗ್ಗಿ ಮಂಚದ ಕೆಳಗಿನಿಂದ ನನ್ನ ಕನ್ನಡಕ ತೆಗೆದು ಕೈಗೆ ಕೊಟ್ಟರು. ಕ್ಷಮಿಸಲಿಲ್ಲ. ನಾನೂ ಕೇಳಲಿಲ್ಲ.

ತನ್ವಿ ಮಂಗಳವಾರ ಅಜ್ಜಿಯ ಜೊತೆ ಊರಿಗೆ ಹೊರಡುತ್ತಾಳೆ. ಅವಳ ಪಾಸ್‌ಪೋರ್ಟ್ ಲಾಕರಿನಿಂದ ಹೊರಬಂದಿದೆ. ಈಗ ನಿನ್ನಮ್ಮನ ಸೆರಗಿನ ಗಂಟಿನಲ್ಲಿದೆ. ಅದಕ್ಕೆ ಮೊದಲು ಭಾನುವಾರ, ಇಲ್ಲಿಯ ವಾರದ ಮೊದಲ ಕೆಲಸದ ದಿನ, ನನ್ನ ಸಾಕ್ಷಿ. ಅರಬ್ಬಿಗೆ ಅವರು ಆಮೇಲೆ ತಿರುಗಿಸಿಕೊಳ್ಳಲಿ, ನಾನು ಕನ್ನಡದಲ್ಲೇ ಹೇಳುತ್ತೇನೆ. ನಿನ್ನಮ್ಮ ಎದುರಿನ ಬೆಂಚಿನಲ್ಲಿ ಕೂತಿರುತ್ತಾರೆ. ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತೇನೆ.

ರೇಖಾ